ಉದ್ಯೋಗದಲ್ಲಿದ್ದುಕೊಂಡೇ ಖಿನ್ನತೆಗಾಗಿ ಅಂಗವೈಕಲ್ಯ ಪ್ರಮಾಣಪತ್ರ ಪಡೆಯುವ ಬಗೆ

ವರ್ಷಗಟ್ಟಲೆ ಖಿನ್ನತೆಗೆ ಮಾತ್ರೆ ನುಂಗುತ್ತ, ಹಾಗೂ ಹೀಗೂ ನೌಕರಿಯನ್ನು ಉಳಿಸಿಕೊಂಡು ಬಂದಿರುವವರು ಅಂಗವೈಕಲ್ಯದ ಸವಲತ್ತುಗಳ ಬಗ್ಗೆ ವಿಚಾರಿಸಲು ಹಿಂಜರಿಯುತ್ತಾರೆ. ಸಂಬಳ ಎಣಿಸುವವರಿಗೆ ಇದೆಲ್ಲ ಅನ್ವಯಿಸುವುದಿಲ್ಲವೆಂಬ ನಂಬಿಕೆ ಅವರಲ್ಲಷ್ಟೇ ಅಲ್ಲ, ಅರ್ಜಿ ತೆಗೆದುಕೊಳ್ಳುವ ಕಡೆಯೂ ಇರುತ್ತದೆ. ಕಾನೂನಿನಲ್ಲಿ ಅಂಥ ಷರತ್ತಿಲ್ಲ. 2017ರ ಏಪ್ರಿಲ್ 19ರಂದು ಜಾರಿಗೆ ಬಂದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016, ತನ್ನ 21 ಬಗೆಯ ವೈಕಲ್ಯಗಳ ಪಟ್ಟಿಯಲ್ಲಿ ಮಾನಸಿಕ ಅಸ್ವಸ್ಥತೆಯನ್ನು ಸೇರಿಸಿದೆ. ಖಿನ್ನತೆಯ ಹೆಸರನ್ನು ಅದು ಪ್ರತ್ಯೇಕವಾಗಿ ಎತ್ತಿ ಹೇಳುವುದಿಲ್ಲ. ಆದರೆ ಯೋಚನೆ, ಮನಃಸ್ಥಿತಿ, ಗ್ರಹಿಕೆ ಅಥವಾ ನೆನಪಿನಲ್ಲಿ ಉಂಟಾದ ಗಣನೀಯ ಏರುಪೇರು ನಿತ್ಯಜೀವನವನ್ನು ನಿಭಾಯಿಸುವ ಶಕ್ತಿಯನ್ನು ತೀವ್ರವಾಗಿ ಕುಂದಿಸಿದ್ದರೆ ಅದು ಮಾನಸಿಕ ಅಸ್ವಸ್ಥತೆ ಎಂದು ಕಾಯ್ದೆ ವಿವರಿಸುವುದರಿಂದ, ದೀರ್ಘಕಾಲದ ತೀವ್ರ ಖಿನ್ನತೆ ಅದರೊಳಗೆ ಬರುತ್ತದೆ. ಅಷ್ಟೇ ಅಲ್ಲ, ಆ ಕಾಯ್ದೆಯ 20ನೇ ಸೆಕ್ಷನ್ ಇರುವುದೇ ಕೆಲಸದಲ್ಲಿರುವ ಅಂಗವಿಕಲರ ರಕ್ಷಣೆಗಾಗಿ.

ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ಮೊದಲೇ ತಿಳಿದುಕೊಂಡರೆ ನಿರಾಸೆ ತಪ್ಪುತ್ತದೆ. ಅಮೆರಿಕದಲ್ಲಿರುವಂತೆ ದುಡಿಯಲಾಗದವರಿಗೆ ಸಂಬಳಕ್ಕೆ ಬದಲಾಗಿ ಪ್ರತಿ ತಿಂಗಳು ಹಣ ಕೊಡುವ ಸಾರ್ವತ್ರಿಕ ವ್ಯವಸ್ಥೆ ನಮ್ಮಲ್ಲಿಲ್ಲ. ರಾಜ್ಯ ಸರ್ಕಾರದ ಅಂಗವಿಕಲರ ಮಾಸಾಶನಕ್ಕೆ ಆದಾಯದ ಮಿತಿ ಬಹಳ ಕೆಳಗಿದೆ. ನಿಯಮಿತ ಸಂಬಳವಿರುವವರು ಅದನ್ನು ಲೆಕ್ಕಕ್ಕೆ ಹಿಡಿಯದಿರುವುದೇ ಒಳ್ಳೆಯದು. ಉದ್ಯೋಗದಲ್ಲಿರುವವರಿಗೆ ಪ್ರಮಾಣಪತ್ರದಿಂದ ಆಗುವ ಉಪಕಾರ ಬೇರೆಯದು: ನೌಕರಿಗೆ ರಕ್ಷಣೆ, ಕೆಲಸದ ರೀತಿಯಲ್ಲಿ ಹೊಂದಾಣಿಕೆ ಕೇಳುವ ಹಕ್ಕು, ತೆರಿಗೆಯಲ್ಲಿ ಕಡಿತ, ಸರ್ಕಾರಿ ನೇಮಕಾತಿಯಲ್ಲಿ ಮೀಸಲಾತಿ. ಇವುಗಳಲ್ಲಿ ತೆರಿಗೆ ಕಡಿತಕ್ಕೂ ಮೀಸಲಾತಿಗೂ ವೈಕಲ್ಯದ ಪ್ರಮಾಣ ಶೇ. 40 ಅಥವಾ ಅದಕ್ಕಿಂತ ಹೆಚ್ಚು ಇರಬೇಕು.

ಅಳತೆ ನಡೆಯುವ ರೀತಿ

ಮುರಿದ ಕಾಲನ್ನು ಅಳೆದಂತೆ ಖಿನ್ನತೆಯನ್ನು ಅಳೆಯಲಾಗದು. ಅದಕ್ಕಾಗಿ ಭಾರತೀಯ ಮನೋವೈದ್ಯಕೀಯ ಸಂಘ ರೂಪಿಸಿದ 'ಐಡಿಯಾಸ್' ಎಂಬ ಮಾಪನವನ್ನು ಬಳಸುತ್ತಾರೆ. ಸ್ವಂತ ಆರೈಕೆ, ಇತರರೊಂದಿಗಿನ ಒಡನಾಟ, ಮಾತುಕತೆ ಮತ್ತು ತಿಳಿವಳಿಕೆ, ಕೆಲಸ ಎಂಬ ನಾಲ್ಕು ವಿಭಾಗಗಳಲ್ಲಿ ಒಂದೊಂದಕ್ಕೂ 0ಯಿಂದ 4ರವರೆಗೆ ಅಂಕ ಕೊಟ್ಟು, ಕಾಯಿಲೆ ಎಷ್ಟು ಕಾಲದಿಂದ ಇದೆ ಎಂಬುದಕ್ಕೆ ಪ್ರತ್ಯೇಕ ಅಂಕ ಸೇರಿಸಿ, ಒಟ್ಟು ಅಂಕದಿಂದ ಶೇಕಡಾವಾರು ಪ್ರಮಾಣವನ್ನು ನಿರ್ಧರಿಸಲಾಗುತ್ತದೆ.

ಉದ್ಯೋಗಸ್ಥರ ಅರ್ಜಿ ಸೋಲುವುದು ನಾಲ್ಕನೆಯ ವಿಭಾಗದಲ್ಲಿ. "ಕೆಲಸಕ್ಕೆ ಹೋಗುತ್ತಿದ್ದೀರಾ?" ಎಂದು ವೈದ್ಯರು ಕೇಳುತ್ತಾರೆ. "ಹೌದು ಸರ್, ಹೋಗುತ್ತಿದ್ದೇನೆ" ಎಂದು ಹೇಳಿ ಸುಮ್ಮನಾದರೆ ಆ ಕಾಲಂನಲ್ಲಿ ಸೊನ್ನೆಯೋ ಒಂದೋ ಬೀಳುತ್ತದೆ. ಅದೇ ವ್ಯಕ್ತಿ ಕಳೆದ ವರ್ಷ ಸಂಬಳವಿಲ್ಲದ ರಜೆ ಎಷ್ಟು ಹಾಕಬೇಕಾಯಿತು, ಮೊದಲು ಒಂದು ಗಂಟೆಯಲ್ಲಿ ಮುಗಿಯುತ್ತಿದ್ದ ಕಡತಕ್ಕೆ ಈಗ ಇಡೀ ದಿನ ಏಕೆ ಹಿಡಿಯುತ್ತದೆ, ಯಾವ ಜವಾಬ್ದಾರಿಯನ್ನು ಸಹೋದ್ಯೋಗಿಗೆ ವಹಿಸಿಕೊಟ್ಟರು, ಬಡ್ತಿಯನ್ನು ಏಕೆ ಬೇಡವೆಂದರು, ಮನೆಗೆ ಬಂದ ಮೇಲೆ ಸ್ನಾನ ಊಟಕ್ಕೂ ಏಳಲಾಗದೆ ಮಲಗುವ ದಿನಗಳು ಎಷ್ಟು ಎಂಬುದನ್ನು ಹೇಳಿದರೆ ಚಿತ್ರ ಪೂರ್ಣವಾಗುತ್ತದೆ. ಹೋಗುವುದು ಬೇರೆ, ಹೋಗಿ ಮಾಡುವುದು ಬೇರೆ. ಮಾಪನ ಕೇಳುವುದು ಎರಡನೆಯದನ್ನು.

ಇದರರ್ಥ ಇಲ್ಲದ್ದನ್ನು ಸೇರಿಸಿ ಹೇಳಬೇಕೆಂದಲ್ಲ. ಸವಲತ್ತಿಗಾಗಿ ಸುಳ್ಳು ಹೇಳಿದರೆ ಇದೇ ಕಾಯ್ದೆಯ 91ನೇ ಸೆಕ್ಷನ್ ಪ್ರಕಾರ 2 ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಆದರೆ ಖಿನ್ನತೆಯಲ್ಲಿರುವವರಲ್ಲಿ ಹೆಚ್ಚಾಗಿ ಕಾಣುವುದು ಉತ್ಪ್ರೇಕ್ಷೆಯಲ್ಲ, ಎಲ್ಲವನ್ನೂ ಮುಚ್ಚಿಟ್ಟು "ಪರವಾಗಿಲ್ಲ" ಎನ್ನುವ ರೂಢಿ. ಮನೆಯವರೊಬ್ಬರನ್ನು ಜೊತೆಗೆ ಕರೆದೊಯ್ಯಬೇಕೆಂದು ಹೇಳುವುದು ಇದಕ್ಕಾಗಿಯೇ. ಆರೈಕೆ ಮಾಡುವವರ ಮಾತನ್ನೂ ಕೇಳಿಯೇ ಅಂಕ ಹಾಕಬೇಕೆಂಬುದು ಈ ಮಾಪನದ ಕ್ರಮ.

ಕಡತ

ಅರ್ಜಿಗೆ ಮೊದಲು ಕಾಗದಗಳನ್ನು ಹೊಂದಿಸಿಕೊಳ್ಳಿ. ಮೊದಲ ಭೇಟಿಯಿಂದ ಇಂದಿನವರೆಗಿನ ಚೀಟಿಗಳು, ದಾಖಲಾಗಿದ್ದರೆ ಡಿಸ್ಚಾರ್ಜ್ ಸಾರಾಂಶ, ಆಪ್ತಸಮಾಲೋಚನೆಯ ಟಿಪ್ಪಣಿ, ಎಲ್ಲವನ್ನೂ ದಿನಾಂಕದ ಕ್ರಮದಲ್ಲಿ ಜೋಡಿಸಬೇಕು. ಹಳೆಯ ಚೀಟಿ ಕಳೆದುಹೋಗಿದ್ದರೆ ಕೈಚೆಲ್ಲಬೇಕಾಗಿಲ್ಲ. ತನ್ನ ವೈದ್ಯಕೀಯ ದಾಖಲೆಗಳನ್ನು ಪಡೆಯುವುದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ರೋಗಿಗೆ ಕೊಟ್ಟ ಹಕ್ಕು, ಆದ್ದರಿಂದ ಆಸ್ಪತ್ರೆಗೆ ಲಿಖಿತ ಅರ್ಜಿ ಕೊಟ್ಟು ಕೇಳಬಹುದು. ಚಿಕಿತ್ಸೆ ನೀಡುತ್ತಿರುವ ಮನೋವೈದ್ಯರಿಂದ ಒಂದು ಪುಟದ ಸಾರಾಂಶವನ್ನೂ ಬರೆಸಿಕೊಳ್ಳಿ. ಅದರಲ್ಲಿ ರೋಗನಿರ್ಣಯ ಮತ್ತು ಅದರ ಸಂಕೇತ (ಮರುಕಳಿಸುವ ಖಿನ್ನತೆಗೆ ಎಫ್33, ಸದಾ ಕಾಡುವ ಮಂದ ಖಿನ್ನತೆಗೆ ಎಫ್34.1), ಆರಂಭವಾದ ವರ್ಷ, ಕೊಟ್ಟ ಔಷಧಗಳು, ಅವುಗಳಿಂದ ಎಷ್ಟು ಗುಣ ಕಂಡಿತು, ಕೆಲಸದ ಮೇಲೆ ಆಗಿರುವ ಪರಿಣಾಮ ಇಷ್ಟು ಇರಬೇಕು. ಬರೀ "ಡಿಪ್ರೆಷನ್‌ಗೆ ಚಿಕಿತ್ಸೆ ಪಡೆಯುತ್ತಿದ್ದಾರೆ" ಎಂಬ ಒಂದು ಸಾಲಿನ ಪತ್ರದಿಂದ ವೈಕಲ್ಯವನ್ನು ಅಳೆಯುವ ವೈದ್ಯಕೀಯ ಮಂಡಳಿಗೆ ಏನೂ ತಿಳಿಯುವುದಿಲ್ಲ.

ಕಚೇರಿಯ ಕಡೆಯಿಂದ ಬೇಕಾದದ್ದು ರಜೆಯ ಲೆಕ್ಕ. ಸರ್ಕಾರಿ ನೌಕರರಾದರೆ ಅರ್ಧ ವೇತನ ರಜೆ, ಪರಿವರ್ತಿತ ರಜೆಗಳ ವಿವರ; ಖಾಸಗಿಯವರಾದರೆ ಸಂಬಳ ಕಡಿತವಾದ ತಿಂಗಳುಗಳ ಪೇ ಸ್ಲಿಪ್. ಏಳಲಾಗದ ಬೆಳಗುಗಳಲ್ಲಿ ಫೋನನ್ನೂ ತೆಗೆಯದೆ ಮನೆಯಲ್ಲಿ ಉಳಿದುಬಿಡುವುದು ಈ ಕಾಯಿಲೆಯ ಸ್ವಭಾವ. ಆದರೆ ದಾಖಲೆಯಲ್ಲಿ ಅದು ಅನಧಿಕೃತ ಗೈರುಹಾಜರಿ ಎಂದು ನಮೂದಾಗುತ್ತದೆ, ಮುಂದೆ ಇಲಾಖಾ ವಿಚಾರಣೆಗೂ ಎಡೆಯಾಗುತ್ತದೆ. ತಡವಾದರೂ ಚಿಂತೆಯಿಲ್ಲ, ವೈದ್ಯಕೀಯ ಪ್ರಮಾಣಪತ್ರದೊಂದಿಗೆ ರಜೆ ಅರ್ಜಿಯನ್ನು ಕೊಟ್ಟು ಸ್ವೀಕೃತಿ ಪಡೆಯಿರಿ. ಬರೆಯುವ ಶಕ್ತಿಯಿಲ್ಲದ ದಿನ ಮನೆಯವರ ಕೈಯಲ್ಲಿ ಕಳುಹಿಸಿದರೂ ಆದೀತು.

ಅರ್ಜಿ ಮತ್ತು ಮಂಡಳಿ

ಅರ್ಜಿ ಸಲ್ಲಿಸಬೇಕಾದದ್ದು ಕೇಂದ್ರ ಸರ್ಕಾರದ 'ಸ್ವಾವಲಂಬನ್' ಜಾಲತಾಣದಲ್ಲಿ. ಇದೇ ಅರ್ಜಿಯಿಂದ ಪ್ರಮಾಣಪತ್ರವೂ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡೂ ಬರುತ್ತವೆ. ಆಧಾರ್, ಇತ್ತೀಚಿನ ಭಾವಚಿತ್ರ, ವಿಳಾಸದ ದಾಖಲೆ ಬೇಕು. ವೈಕಲ್ಯದ ಬಗೆಯನ್ನು ಆರಿಸುವಾಗ 'ಮಾನಸಿಕ ಅಸ್ವಸ್ಥತೆ' ಎಂಬುದನ್ನೇ ಗುರುತಿಸಬೇಕು. ಅವಸರದಲ್ಲಿ 'ಬೌದ್ಧಿಕ ಅಸಾಮರ್ಥ್ಯ' ಎಂದು ಒತ್ತಿದರೆ ಅರ್ಜಿ ಬೇರೆಯೇ ಪರೀಕ್ಷೆಗೆ ಹೋಗುತ್ತದೆ. ವಾಸವಿರುವ ಜಿಲ್ಲೆಯ ಆಸ್ಪತ್ರೆಯನ್ನಾಗಲಿ, ಚಿಕಿತ್ಸೆ ಪಡೆಯುತ್ತಿರುವ ಆಸ್ಪತ್ರೆಗೆ ಪ್ರಮಾಣೀಕರಣದ ಅಧಿಕಾರವಿದ್ದರೆ ಅದನ್ನಾಗಲಿ ಆರಿಸಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೋ ಧಾರವಾಡದ ಡಿಮ್ಹಾನ್ಸ್‌ನಲ್ಲೋ ಹಳೆಯ ಕಡತವಿರುವವರು ಮೊದಲು ಅಲ್ಲಿಯೇ ವಿಚಾರಿಸುವುದು ಲೇಸು. ಊರಿನ ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬಿಸುವವರು ಒಂದನ್ನು ಗಮನಿಸಬೇಕು: ಸ್ಕ್ಯಾನ್ ಮಾಡಿದ ಮನೋವೈದ್ಯರ ಚೀಟಿ ಆ ಕಂಪ್ಯೂಟರಿನಲ್ಲೇ ಉಳಿಯುತ್ತದೆ, ಸಂಜೆಯೊಳಗೆ ಅರ್ಧ ಊರಿಗೆ ಸುದ್ದಿ ಮುಟ್ಟಿದರೆ ಆಶ್ಚರ್ಯವಿಲ್ಲ. ಸಾಧ್ಯವಾದರೆ ಸ್ವಂತ ಫೋನಿನಿಂದ ಸಲ್ಲಿಸಿ. ಇಲ್ಲವಾದರೆ ಗ್ರಾಮ ಪಂಚಾಯಿತಿ ಮಟ್ಟದ ವಿ.ಆರ್.ಡಬ್ಲ್ಯು. (ಗ್ರಾಮೀಣ ಪುನರ್ವಸತಿ ಕಾರ್ಯಕರ್ತ) ಅಥವಾ ತಾಲ್ಲೂಕು ಮಟ್ಟದ ಎಂ.ಆರ್.ಡಬ್ಲ್ಯು. (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ) ಅವರ ಸಹಾಯ ಕೇಳಿ. ಅಂಗವಿಕಲರಿಗೆ ಇಂಥ ಕೆಲಸದಲ್ಲಿ ನೆರವಾಗುವುದು ಅವರ ಕರ್ತವ್ಯ.

2024ರಲ್ಲಿ ತಿದ್ದುಪಡಿಯಾದ ನಿಯಮದಂತೆ ಪ್ರಮಾಣಪತ್ರ ನೀಡಲು 3 ತಿಂಗಳ ಅವಧಿಯಿದೆ. ಮಂಡಳಿಯ ದಿನ ಎಂದಿನಂತೆ ಮಾತ್ರೆ ತೆಗೆದುಕೊಂಡೇ ಹೋಗಿ. ಕಾಯಿಲೆ ಹೆಚ್ಚಾಗಿ ಕಾಣಲೆಂದು ವಾರದ ಮೊದಲೇ ಔಷಧ ನಿಲ್ಲಿಸಿ ಎಂದು ಹೇಳುವ ಹಿತೈಷಿಗಳು ಸಿಗುತ್ತಾರೆ. ಅದು ಅಪಾಯಕಾರಿ ಸಲಹೆ. ಹೇಳಬೇಕಾದ ವಿಷಯಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರೆ, ಐದು ನಿಮಿಷದ ಮಾತಿನಲ್ಲಿ ಮುಖ್ಯವಾದದ್ದು ಬಿಟ್ಟುಹೋಗುವುದಿಲ್ಲ. ನಿರ್ಧಾರ ಒಪ್ಪಿಗೆಯಾಗದಿದ್ದರೆ 59ನೇ ಸೆಕ್ಷನ್ ಅಡಿ ರಾಜ್ಯ ನಿಗದಿಪಡಿಸಿದ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು.

ಕಚೇರಿಯಲ್ಲಿ ಬಳಸುವುದು

ಪ್ರಮಾಣಪತ್ರ ಕೈಗೆ ಬಂದ ಮಾತ್ರಕ್ಕೆ ಅದನ್ನು ಕಚೇರಿಗೆ ತೋರಿಸಲೇಬೇಕೆಂದಿಲ್ಲ. ಕಾಯಿಲೆಯ ಗೋಪ್ಯತೆ ಹಕ್ಕಾಗಿರುವುದರಿಂದ, ಏನನ್ನು ಕೇಳಬೇಕಾಗಿದೆ ಎಂಬುದು ಸ್ಪಷ್ಟವಾದ ಮೇಲೆ, ಯಾರಿಗೆ ತಿಳಿಸಿದರೆ ಸಾಕೋ ಅವರಿಗಷ್ಟೇ ಲಿಖಿತವಾಗಿ ತಿಳಿಸುವುದು ಜಾಣತನ. ಉದಾಹರಣೆಗೆ ರಾತ್ರಿ ಪಾಳಿಯಿಂದ ವಿನಾಯಿತಿ, ಬೆಳಗಿನ ಹಾಜರಿಯಲ್ಲಿ ಒಂದು ಗಂಟೆಯ ಸಡಿಲಿಕೆ, ತಿಂಗಳಿಗೊಮ್ಮೆ ಆಸ್ಪತ್ರೆಗೆ ಅರ್ಧ ದಿನ, ಹೀಗೆ ಬೇಕಾದದ್ದನ್ನು ನಿರ್ದಿಷ್ಟವಾಗಿ ಕೇಳಬೇಕು. "ನನ್ನ ಪರಿಸ್ಥಿತಿಯನ್ನು ಅರ್ಥಮಾಡಿಕೊಳ್ಳಿ" ಎಂಬ ಮನವಿಗೆ ಯಾವ ಮೇಲಧಿಕಾರಿಯೂ ಆದೇಶ ಹೊರಡಿಸಲಾರ.

ಸರ್ಕಾರಿ ಸಂಸ್ಥೆಗಳಿಗೆ ಕಾಯ್ದೆ ಕಟ್ಟುನಿಟ್ಟಾಗಿದೆ. ಸೇವೆಯಲ್ಲಿರುವಾಗ ವೈಕಲ್ಯ ಬಂದ ನೌಕರರನ್ನು ತೆಗೆದುಹಾಕುವಂತಿಲ್ಲ, ಹುದ್ದೆಯಲ್ಲಿ ಕೆಳಗಿಳಿಸುವಂತಿಲ್ಲ. ಈಗಿನ ಕೆಲಸ ಆಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆಗೆ ಬದಲಿಸಬೇಕು. ಮಾನಸಿಕ ಕಾಯಿಲೆಗೂ ಇದು ಅನ್ವಯವೇ ಎಂಬ ಪ್ರಶ್ನೆ ಕೇಂದ್ರ ಮೀಸಲು ಪೊಲೀಸ್ ಪಡೆಯ ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಗೀಳು ಕಾಯಿಲೆ ಮತ್ತು ಖಿನ್ನತೆಯಿದ್ದ ಆ ಅಧಿಕಾರಿಯ ಮೇಲೆ ಶಿಸ್ತುಕ್ರಮ ನಡೆದಿತ್ತು. ದುರ್ನಡತೆಗೆ ವೈಕಲ್ಯವೊಂದೇ ಕಾರಣವಾಗಿರಬೇಕಿಲ್ಲ, ಕಾರಣಗಳಲ್ಲಿ ಒಂದಾಗಿದ್ದರೂ ರಕ್ಷಣೆ ಸಿಗುತ್ತದೆ ಎಂದು ನ್ಯಾಯಾಲಯ 2021ರ ಡಿಸೆಂಬರಿನಲ್ಲಿ ಹೇಳಿತು. ನೋಟಿಸ್ ಬಂದ ಸರ್ಕಾರಿ ನೌಕರರು ತಮ್ಮ ಉತ್ತರದಲ್ಲಿ ಈ ತೀರ್ಪನ್ನು ಉಲ್ಲೇಖಿಸುವಂತೆ ವಕೀಲರಿಗೆ ಹೇಳಬೇಕು.

ಖಾಸಗಿ ಕಂಪನಿಗಳ ವಿಷಯದಲ್ಲಿ ಕಾಯ್ದೆಯ ಹಿಡಿತ ಸಡಿಲ, ಇದನ್ನು ಒಪ್ಪಿಕೊಳ್ಳಲೇಬೇಕು. ಆದರೂ ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕೆಂದು 21ನೇ ಸೆಕ್ಷನ್ ಹೇಳುತ್ತದೆ. 20 ಅಥವಾ ಹೆಚ್ಚು ನೌಕರರಿದ್ದರೆ ಸಂಪರ್ಕಾಧಿಕಾರಿಯೊಬ್ಬರೂ ಇರಬೇಕು. ಆ ನೀತಿಯ ಪ್ರತಿಯನ್ನು ಎಚ್.ಆರ್. ವಿಭಾಗಕ್ಕೆ ಇಮೇಲ್ ಬರೆದು ಕೇಳುವುದು ಒಳ್ಳೆಯ ಆರಂಭ. ದೂರು ಇದ್ದರೆ ಬೆಂಗಳೂರಿನಲ್ಲಿರುವ ಅಂಗವಿಕಲ ವ್ಯಕ್ತಿಗಳ ಅಧಿನಿಯಮದ ರಾಜ್ಯ ಆಯುಕ್ತರಿಗೆ ಸಲ್ಲಿಸಬಹುದು.

ಹಣದ ಮಾತು

ತಿಂಗಳ ಸಂಬಳ 21,000 ರೂಪಾಯಿ ಮೀರದ ಕಾರಣ ನೌಕರರ ರಾಜ್ಯ ವಿಮೆ ಅಂದರೆ ಇಎಸ್‌ಐ ವ್ಯಾಪ್ತಿಯಲ್ಲಿರುವವರಿಗೆ ನಿಜವಾಗಿ ನಗದು ಸಿಗುವ ದಾರಿಯಿದೆ, ಅದಕ್ಕೆ ಅಂಗವೈಕಲ್ಯ ಪ್ರಮಾಣಪತ್ರವೂ ಬೇಡ. ಸಾಮಾನ್ಯ ಅನಾರೋಗ್ಯ ಭತ್ಯೆ ವರ್ಷಕ್ಕೆ 91 ದಿನಗಳವರೆಗೆ, ವೇತನದ ಶೇ. 70. ಅದು ಮುಗಿದ ಮೇಲೆ, ದೀರ್ಘಕಾಲದ 34 ಕಾಯಿಲೆಗಳಿಗೆ ಶೇ. 80ರ ದರದಲ್ಲಿ 2 ವರ್ಷದವರೆಗೆ ವಿಸ್ತೃತ ಭತ್ಯೆಯಿದೆ. ಆ ಪಟ್ಟಿಯ ಮಾನಸಿಕ ಕಾಯಿಲೆಗಳ ವಿಭಾಗದಲ್ಲಿ ತೀವ್ರ ಸ್ವರೂಪದ ಖಿನ್ನತೆಯೂ ಬರುತ್ತದೆ. 2 ವರ್ಷಗಳ ನಿರಂತರ ಸೇವೆ ಮತ್ತು ಆ ಅವಧಿಯಲ್ಲಿ 156 ದಿನಗಳ ವಂತಿಗೆ ಇರಬೇಕು, ರಜೆಯ ಪ್ರಮಾಣಪತ್ರ ಇಎಸ್‌ಐ ವೈದ್ಯರಿಂದಲೇ ಬರಬೇಕು. ಆದ್ದರಿಂದ ಖಾಸಗಿ ವೈದ್ಯರಲ್ಲಿ ತೋರಿಸಿಕೊಳ್ಳುತ್ತಿರುವವರೂ ಡಿಸ್ಪೆನ್ಸರಿಯಲ್ಲಿ ಒಂದು ಕಡತ ತೆರೆಸಿಡಬೇಕು.

ಆದಾಯ ತೆರಿಗೆಯಲ್ಲಿ 80ಯು ಎಂದು ಪರಿಚಿತವಾದ ಕಡಿತ ಶೇ. 40ರಿಂದ 75,000 ರೂಪಾಯಿ, ಶೇ. 80 ಅಥವಾ ಅದಕ್ಕಿಂತ ಹೆಚ್ಚಿದ್ದರೆ 1,25,000 ರೂಪಾಯಿ. ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಇದು ಲಭ್ಯ. ಹೊಸ ಪದ್ಧತಿಯ ಕಡಿಮೆ ದರಗಳ ಎದುರು ಇಟ್ಟು ಲೆಕ್ಕ ಹಾಕಿಯೇ ಆರಿಸಬೇಕು. ಕಚೇರಿಗೆ ತಿಳಿಯುವುದು ಬೇಡವೆನ್ನುವವರು ಮಾಲೀಕರಿಗೆ ಕೊಡುವ ಘೋಷಣೆಯಲ್ಲಿ ಇದನ್ನು ಬಿಟ್ಟು, ರಿಟರ್ನ್ಸ್ ಸಲ್ಲಿಸುವಾಗ ತಾವೇ ಕೇಳಿಕೊಳ್ಳಬಹುದು.

ಇದೆಲ್ಲದರ ನಡುವೆ ರಾಜೀನಾಮೆ ಕೊಡುವ ಆಲೋಚನೆ ಬಂದೇ ಬರುತ್ತದೆ. ಮನಸ್ಸು ತೀರಾ ಕುಗ್ಗಿದ ವಾರದಲ್ಲಿ ಆ ನಿರ್ಧಾರ ಬೇಡ. ಸೇವೆಯ ರಕ್ಷಣೆ, ಇಎಸ್‌ಐ ಭತ್ಯೆ, ಭವಿಷ್ಯ ನಿಧಿಯ ಪಿಂಚಣಿ ಯೋಜನೆಯಲ್ಲಿ ಸಂಪೂರ್ಣ ಶಾಶ್ವತ ವೈಕಲ್ಯಕ್ಕಿರುವ ಪಿಂಚಣಿ, ಇವೆಲ್ಲ ನೌಕರಿಯಲ್ಲಿದ್ದಾಗ ಹುಟ್ಟುವ ಹಕ್ಕುಗಳು; ರಾಜೀನಾಮೆ ಅಂಗೀಕಾರವಾದ ಮೇಲೆ ಅವನ್ನು ಮರಳಿ ಪಡೆಯುವುದು ಬಹಳ ಕಷ್ಟ. ಆ ಹೊತ್ತಿನಲ್ಲಿ ಮಾತನಾಡಲು ಯಾರಾದರೂ ಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.

ಖಿನ್ನತೆಯಲ್ಲಿ ಏರಿಳಿತ ಇರುವುದರಿಂದ ಮಂಡಳಿ ತಾತ್ಕಾಲಿಕ ಪ್ರಮಾಣಪತ್ರ ಕೊಡುವ ಸಾಧ್ಯತೆಯೇ ಹೆಚ್ಚು. ಅದರ ಮೇಲಿರುವ ಕೊನೆಯ ದಿನಾಂಕಕ್ಕೆ ಮೂರು ನಾಲ್ಕು ತಿಂಗಳ ಮೊದಲೇ ನವೀಕರಣದ ಅರ್ಜಿ ಹಾಕಿ. ಮರುಪರೀಕ್ಷೆಯ ದಿನ ಮಂಡಳಿ ಕೇಳುವುದು ಹಿಂದಿನ ಪ್ರಮಾಣಪತ್ರದ ನಂತರದ ಚೀಟಿಗಳನ್ನು.