ಟುಡೂಯಿಸ್ಟ್ ಪಟ್ಟಿಯಿಂದ ಫೋನಿಗೆ ನೋಟಿಫಿಕೇಶನ್: ನಾನು ಮಾಡಿಕೊಂಡ ಬಗೆ

ನಮ್ಮ ಮನೆಯಲ್ಲಿ ಮರೆಯುವುದಕ್ಕೆ ಅಂತಲೇ ಕೆಲವು ಕೆಲಸಗಳಿವೆ. ಒಣ ಕಸ ತೆಗೆದುಕೊಳ್ಳುವುದು ಬುಧವಾರ ಮತ್ತು ಶನಿವಾರ ಮಾತ್ರ, ಗಾಡಿ ಏಳೂವರೆಗೆ ಬಂದು ಹೋಗಿಬಿಡುತ್ತದೆ. ಕಾವೇರಿ ನೀರು ದಿನ ಬಿಟ್ಟು ದಿನ. ಸಂಪಿನಿಂದ ಮೇಲಿನ ಟ್ಯಾಂಕಿಗೆ ಮೋಟರ್ ಹಾಕಬೇಕು, ಹಾಕಿದ್ದನ್ನು ನೆನಪಿಟ್ಟು ಆಫ್ ಮಾಡಬೇಕು. ಇದನ್ನೆಲ್ಲ ನಾನು ಮಾಡಬೇಕಾದ ಕೆಲಸಗಳ ಪಟ್ಟಿ ಇಡುವ ಟುಡೂಯಿಸ್ಟ್ ಆ್ಯಪ್‌ನಲ್ಲಿ ನೀಟಾಗಿ ಬರೆದಿಟ್ಟಿದ್ದೆ. ಬರೆದಿಟ್ಟು ಆ್ಯಪ್ ತೆರೆಯುವುದನ್ನೇ ಮರೆಯುತ್ತಿದ್ದೆ.

ನನ್ನ ಹೆಂಡತಿಯ ಬೇಡಿಕೆ ಇನ್ನೂ ಸರಳ. "ನನಗೆ ಲಿಸ್ಟೆಲ್ಲ ಬೇಡ ರೀ, ಹೊತ್ತಿಗೆ ಸರಿಯಾಗಿ ಫೋನ್ ಒಂದು ಸಲ ಸದ್ದು ಮಾಡಿದರೆ ಸಾಕು, ಆಯ್ತು ಅಂತ ಒತ್ತಿ ಸುಮ್ನಾಗ್ತೀನಿ." ಇದಕ್ಕಿಂತ ಒಳ್ಳೆ ಸ್ಪೆಸಿಫಿಕೇಶನ್ ನನಗೆ ಆಫೀಸಿನಲ್ಲೂ ಯಾರೂ ಕೊಟ್ಟಿಲ್ಲ.

ನಾನು ಪ್ರೋಗ್ರಾಮರ್ ಅಲ್ಲ. ಅಲ್ಲಿ ಇಲ್ಲಿ ನಾಲ್ಕು ಸಾಲು ಜಾವಾಸ್ಕ್ರಿಪ್ಟ್ ತಿದ್ದಬಲ್ಲೆ, ಅಷ್ಟೆ. ಹಾಗಾಗಿ ಕೋಡ್ ಹೆಚ್ಚು ಬರೆಯದೆ ಕೆಲಸ ಮಾಡಿಸುವ ಲೋ-ಕೋಡ್ ದಾರಿ ಹಿಡಿದೆ. ಮನೆಯಲ್ಲಿ ಧೂಳು ತಿನ್ನುತ್ತಿದ್ದ ಒಂದು ರಾಸ್‌ಬೆರಿ ಪೈ (ಅಂಗೈಯಷ್ಟು ಕಂಪ್ಯೂಟರ್) ಇತ್ತು. ಅದರ ಮೇಲೆ ಡಾಕರ್ (ಪ್ರೋಗ್ರಾಮನ್ನು ಕಂಟೇನರ್ ಎಂಬ ಪ್ರತ್ಯೇಕ ಗೂಡಿನಲ್ಲಿ ಓಡಿಸುವ ಸಾಫ್ಟ್‌ವೇರ್) ಹಾಕಿ ಎನ್8ಎನ್ ಕೂರಿಸಿದೆ. ಆ್ಯಪ್‌ಗಳನ್ನು ಒಂದಕ್ಕೊಂದು ಜೋಡಿಸುವ ಸಾಫ್ಟ್‌ವೇರ್ ಅದು. ಪರದೆಯ ಮೇಲೆ ಡಬ್ಬಿಗಳನ್ನು ಇಟ್ಟು ಗೆರೆ ಎಳೆದರೆ ಒಂದರಿಂದ ಇನ್ನೊಂದಕ್ಕೆ ಮಾಹಿತಿ ಹರಿಯುತ್ತದೆ. ಆ ಡಬ್ಬಿಗಳಿಗೆ ನೋಡ್ ಅಂತಾರೆ, ಗೆರೆಯಿಂದ ಕೂಡಿದ ಪೂರ್ತಿ ಸರಣಿಗೆ ವರ್ಕ್‌ಫ್ಲೋ. ನಮ್ಮದೇ ಮೆಷಿನ್ ಮೇಲೆ ಓಡಿಸಿಕೊಂಡರೆ ದುಡ್ಡು ಕೊಡಬೇಕಿಲ್ಲ. ಫೋನಿಗೆ ತಲುಪಿಸಲು ಆರಿಸಿದ್ದು ಎನ್‌ಟಿಎಫ್‌ವೈ. ಹೆಸರಿನಲ್ಲಿ ಸ್ವರಗಳಿಲ್ಲ, ಓದುವುದು ಮಾತ್ರ ನೋಟಿಫೈ. ಒಂದು ಟಾಪಿಕ್‌ಗೆ ಹೆಸರಿಟ್ಟು, ಫೋನಿನ ಆ್ಯಪ್‌ನಲ್ಲಿ ಅದಕ್ಕೆ ಸಬ್‌ಸ್ಕ್ರೈಬ್ ಆಗಿ, ಆ ವಿಳಾಸಕ್ಕೆ ಏನು ಕಳಿಸಿದರೂ ಫೋನಿನಲ್ಲಿ ಮೂಡುತ್ತದೆ. ಅಕೌಂಟ್ ಕೂಡ ಬೇಡ. ಆದರೆ ಒಂದು ಎಚ್ಚರ: ಅದರ ಸಾರ್ವಜನಿಕ ಸರ್ವರ್‌ನಲ್ಲಿ ಟಾಪಿಕ್ ಹೆಸರೇ ಪಾಸ್‌ವರ್ಡ್ ಇದ್ದ ಹಾಗೆ. ಹೆಸರು ಗೊತ್ತಿದ್ದವರೆಲ್ಲ ಓದಬಹುದು. ನಾನು ಮೊದಲ ದಿನ ಸುಮ್ನೆ 'ಟೆಸ್ಟ್' ಅಂತ ಹಾಕಿಕೊಂಡೆ, ಯಾರ್ಯಾರದೋ ಸಂದೇಶಗಳು ನನ್ನ ಫೋನಿಗೆ ಬರತೊಡಗಿದವು. ಈಗ ಇರುವುದು ಇಪ್ಪತ್ತೈದು ಅಕ್ಷರಗಳ ಅರ್ಥವಿಲ್ಲದ ಹೆಸರು.

ಮೊದಲ ವರ್ಕ್‌ಫ್ಲೋನಲ್ಲಿ ಮೂರೇ ನೋಡ್. ಬೆಳಗ್ಗೆ 6:30ಕ್ಕೆ ಎಲ್ಲವನ್ನೂ ಶುರು ಮಾಡುವ ಶೆಡ್ಯೂಲ್ ಟ್ರಿಗರ್, ಆಮೇಲೆ ಟುಡೂಯಿಸ್ಟ್‌ನಿಂದ ಇವತ್ತಿನ ಮತ್ತು ಬಾಕಿ ಉಳಿದ ಕೆಲಸಗಳನ್ನು ತರುವುದು, ಕೊನೆಗೆ ಎಚ್‌ಟಿಟಿಪಿ ರಿಕ್ವೆಸ್ಟ್ (ವೆಬ್ ವಿಳಾಸಕ್ಕೆ ಮಾಹಿತಿ ಕಳಿಸುವ ನೋಡ್) ಮೂಲಕ ನೋಟಿಫೈಗೆ ಕಳಿಸುವುದು. ಕೈಯಿಂದ ಒಂದು ಸಲ ಓಡಿಸಿ ನೋಡಿದೆ. ಫೋನ್ ಹದಿನಾಲ್ಕು ಸಲ ಟಿಣ್ ಟಿಣ್ ಅಂದಿತು. ಎನ್8ಎನ್‌ನಲ್ಲಿ ಒಂದು ನೋಡಿಗೆ ಹದಿನಾಲ್ಕು ಐಟಂ ಬಂದರೆ ಅದು ಒಂದೊಂದಕ್ಕೂ ಒಂದೊಂದು ಸಲ ಓಡುತ್ತದೆ. ಅದು ಗೊತ್ತಿರಲಿಲ್ಲ. ಮಧ್ಯೆ ಒಂದು ಕೋಡ್ ನೋಡ್ ಇಟ್ಟು, ಎಲ್ಲ ಕೆಲಸಗಳ ಹೆಸರನ್ನು ಸಾಲಾಗಿ ಸೇರಿಸಿ ಒಂದೇ ಸಂದೇಶ ಮಾಡಿದೆ. ಐದು ಸಾಲು ಕೋಡ್. ಅದೂ ಬೇಡ ಅನ್ನುವವರಿಗೆ ಅಗ್ರಿಗೇಟ್ ಎಂಬ ನೋಡ್ ಇದೆ.

ಮರುದಿನ ಬೆಳಗ್ಗೆ ಕಾದು ಕೂತೆ. ಏನೂ ಬರಲಿಲ್ಲ. ಸಂಜೆ ನಾಲ್ಕಕ್ಕೆ ಸರಿಯಾಗಿ ಬಂತು! ಟೈಮ್‌ಝೋನ್ ಹೇಳದೆ ಬಿಟ್ಟರೆ ಎನ್8ಎನ್ ನ್ಯೂಯಾರ್ಕ್ ಸಮಯ ಹಿಡಿಯುತ್ತದೆ, ಅಲ್ಲಿ ಬೆಳಗ್ಗೆ ಆರೂವರೆ ಆದಾಗ ಬೇಸಿಗೆಯಲ್ಲಿ ನಮಗೆ ಸಂಜೆ ನಾಲ್ಕು. ಕಂಟೇನರ್ ಶುರು ಮಾಡುವಾಗಲೇ ಏಷ್ಯಾ/ಕೋಲ್ಕತಾ ಅಂತ ಕೊಡಬೇಕಿತ್ತು, ನಾನು ಆ ಸಾಲನ್ನು ಹಾರಿಸಿದ್ದೆ. ವರ್ಕ್‌ಫ್ಲೋ ಸೆಟ್ಟಿಂಗ್ಸ್‌ನಲ್ಲೂ ಬೇರೆಯಾಗಿ ಕೊಡಬಹುದು.

ಆಮೇಲೆ ಕನ್ನಡದ ಪಾಡು. ನೋಟಿಫೈನಲ್ಲಿ ಸಂದೇಶದ ತಲೆಬರಹವನ್ನು ಹೆಡರ್‌ನಲ್ಲಿ (ಸಂದೇಶದ ಜೊತೆ ಹೋಗುವ ಪುಟ್ಟ ಟಿಪ್ಪಣಿಯಲ್ಲಿ) ಕಳಿಸುವುದು ಸುಲಭದ ದಾರಿ, ಎಲ್ಲ ಉದಾಹರಣೆಗಳಲ್ಲೂ ಹಾಗೇ ಇರುತ್ತದೆ. ಇಂಗ್ಲಿಷಿನಲ್ಲಿ ಸರಾಗವಾಗಿ ಹೋಯಿತು. 'ಇವತ್ತಿನ ಕೆಲಸ' ಅಂತ ಹಾಕಿದೆ ನೋಡಿ, ಹೆಡರ್‌ನಲ್ಲಿ ಸಲ್ಲದ ಅಕ್ಷರ ಇದೆ ಅಂತ ಕೆಂಪು ಬಣ್ಣ ತೋರಿಸಿ ನಿಂತುಬಿಟ್ಟಿತು. ಹೆಡರ್‌ಗಳಿಗೆ ಕನ್ನಡ ಅಕ್ಷರ ನೇರವಾಗಿ ಆಗಿಬರುವುದಿಲ್ಲ. ತಲೆಬರಹ, ಸಂದೇಶ, ಟಾಪಿಕ್ ಎಲ್ಲವನ್ನೂ ಜೇಸನ್ ರೂಪದಲ್ಲಿ (ಬ್ರಾಕೆಟ್‌ಗಳೊಳಗೆ ಹೆಸರು-ಬೆಲೆ ಜೋಡಿಸಿ ಬರೆಯುವ ಬಗೆ) ಬಾಡಿಯೊಳಗೆ, ಅಂದರೆ ಕಳಿಸುವ ಮಾಹಿತಿಯ ಮುಖ್ಯ ಭಾಗದೊಳಗೆ ಇಟ್ಟು ಕಳಿಸಿದರೆ ಸರಿಹೋಗುತ್ತದೆ. ಆದರೆ ಹಾಗೆ ಕಳಿಸುವಾಗ ವಿಳಾಸದ ಕೊನೆಯಲ್ಲಿ ಟಾಪಿಕ್ ಹೆಸರು ಇರಕೂಡದು, ಸರ್ವರ್‌ನ ಬುಡದ ವಿಳಾಸಕ್ಕೇ ಕಳಿಸಬೇಕು. ನಾನು ಟಾಪಿಕ್ ವಿಳಾಸಕ್ಕೇ ಕಳಿಸಿ, ಹೆಂಡತಿಯ ಫೋನಿನಲ್ಲಿ ಪೂರ್ತಿ ಜೇಸನ್ ಬ್ರಾಕೆಟ್ ಸಮೇತ ಮೂಡಿ, "ಇದೇನ್ರೀ ಇದು, ಯಾವ ಭಾಷೆ?" ಅನ್ನಿಸಿಕೊಂಡೆ.

ಪ್ರಯಾರಿಟಿಯಲ್ಲೂ ಒಂದು ಗುಂಡಿ ಇದೆ. ಟುಡೂಯಿಸ್ಟ್ ಆ್ಯಪ್‌ನಲ್ಲಿ ಪಿ1 ಅಂದರೆ ಅತಿ ತುರ್ತು. ಅದರ ಎಪಿಐ (ಬೇರೆ ಪ್ರೋಗ್ರಾಂಗಳು ಮಾಹಿತಿ ಕೇಳುವ ಬಾಗಿಲು) ಮೂಲಕ ತಂದಾಗ ಅದೇ ಕೆಲಸಕ್ಕೆ 4 ಅಂತ ಇರುತ್ತದೆ, ತಿರುಗುಮುರುಗು. ನೋಟಿಫೈನಲ್ಲಿ 5 ಅತಿ ತುರ್ತು, 3 ಮಾಮೂಲು, 2 ಬಂದರೆ ಸದ್ದಿಲ್ಲ. ಒಂದಕ್ಕೊಂದು ಸರಿಯಾಗಿ ಹೊಂದಿಸುವವರೆಗೆ ಎರಡು ದಿನ 'ಹಳೆ ಪೇಪರ್ ಕಟ್ಟಿಡು' ಅನ್ನುವುದಕ್ಕೆ ಬೆಂಕಿ ಬಿದ್ದ ಹಾಗೆ ಫೋನ್ ಹೊಡೆದುಕೊಳ್ಳುತ್ತಿತ್ತು, ಕರೆಂಟ್ ಬಿಲ್ ಕಟ್ಟಲು ಕೊನೆಯ ದಿನ ಅನ್ನುವುದು ಕದ್ದುಮುಚ್ಚಿ ಬಂದು ಕೂರುತ್ತಿತ್ತು.

ಇಷ್ಟು ಆದಮೇಲೆ ಎರಡನೇ ವರ್ಕ್‌ಫ್ಲೋ. ಹತ್ತು ನಿಮಿಷಕ್ಕೊಮ್ಮೆ ಎದ್ದು, ಮುಂದಿನ ಹತ್ತು ನಿಮಿಷದಲ್ಲಿ ಹೊತ್ತು ಬರುವ ಕೆಲಸ ಇದ್ದರೆ ಅದನ್ನು ಮಾತ್ರ ಒಂಟಿಯಾಗಿ ಕಳಿಸುವುದು. ಇದಕ್ಕೆ 'ಆಯ್ತು' ಅನ್ನುವ ಬಟನ್ ಬೇಕಿತ್ತು. ನೋಟಿಫೈ ಸಂದೇಶದೊಳಗೆ ಬಟನ್ ಕೊಡುತ್ತದೆ, ಒತ್ತಿದರೆ ಫೋನೇ ನಾವು ಹೇಳಿದ ವಿಳಾಸವನ್ನು ಕರೆಯುತ್ತದೆ. ಆ ವಿಳಾಸ ಎನ್8ಎನ್‌ನ ಒಂದು ವೆಬ್‌ಹುಕ್, ಅಂದರೆ ಯಾರಾದರೂ ಕರೆದ ಕೂಡಲೇ ವರ್ಕ್‌ಫ್ಲೋ ಶುರು ಮಾಡುವ ವಿಳಾಸ. ಅದು ಟುಡೂಯಿಸ್ಟ್‌ಗೆ ಹೋಗಿ ಆ ಕೆಲಸವನ್ನು ಮುಗಿಸುತ್ತದೆ.

ಇಲ್ಲಿ ಒಂದು ಭಾನುವಾರ ಪೂರ್ತಿ ಹೋಯಿತು. ವೆಬ್‌ಹುಕ್‌ಗೆ ಎರಡು ವಿಳಾಸ ಇರುತ್ತವೆ, ಒಂದು ಟೆಸ್ಟ್, ಇನ್ನೊಂದು ಪ್ರೊಡಕ್ಷನ್. ಟೆಸ್ಟ್ ವಿಳಾಸ ಕೆಲಸ ಮಾಡುವುದು ನಾವು ಪರದೆ ಮುಂದೆ ಕೂತು ಕೇಳಿಸಿಕೊಳ್ಳಲು ಹೇಳಿದಾಗ ಮಾತ್ರ. ನಾನು ಅದನ್ನೇ ಬಟನ್‌ಗೆ ಅಂಟಿಸಿದ್ದೆ. ಕಂಪ್ಯೂಟರ್ ಮುಂದಿದ್ದಾಗ ಸರಿ, ಎದ್ದು ಹೋದರೆ ಇಲ್ಲ! ಅದು ಬಗೆಹರಿದ ಮೇಲೆ ಮನೆಯ ವೈಫೈ ಬಿಟ್ಟು ಹೊರಗೆ ಹೋದರೆ ಬಟನ್ ಸತ್ತಿರುತ್ತಿತ್ತು, ಯಾಕೆಂದರೆ ಪೈ ಇರುವುದು ಮನೆಯೊಳಗೆ. ರೂಟರ್‌ನಲ್ಲಿ ಪೋರ್ಟ್ ತೆರೆದು ಹೊರಗಿನ ಇಂಟರ್ನೆಟ್ಟಿಗೆ ದಾರಿ ಬಿಡಲು ನನಗೆ ಧೈರ್ಯ ಇಲ್ಲ, ನಿಮಗೂ ಬೇಡ. ಪೈ ಮತ್ತು ಎರಡೂ ಫೋನುಗಳಿಗೆ, ನಮ್ಮ ಸಾಧನಗಳನ್ನಷ್ಟೇ ಎಲ್ಲಿದ್ದರೂ ಒಂದು ಖಾಸಗಿ ಜಾಲದಲ್ಲಿ ಸೇರಿಸುವ ಟೇಲ್‌ಸ್ಕೇಲ್ ಹಾಕಿದೆ. ಕರೆ ಹೋಗುವುದು ಫೋನಿನಿಂದಲೇ ಆದ್ದರಿಂದ ಅಷ್ಟು ಸಾಕು.

ಎರಡು ವಾರ ಚೆನ್ನಾಗಿ ನಡೆಯಿತು. ಒಂದು ಶನಿವಾರ ಗಾಡಿ ಬಂದು ಹೋಗಿದೆ, ಒಣ ಕಸದ ಚೀಲ ಅಲ್ಲೇ ಇದೆ, ಫೋನ್ ಸದ್ದೇ ಮಾಡಿಲ್ಲ. ಪೈ ಸರಿಯಾಗಿದೆ, ವರ್ಕ್‌ಫ್ಲೋ ಓಡಿದೆ, ಟುಡೂಯಿಸ್ಟ್ ನೋಡಿದರೆ ಒಣ ಕಸದ ಮುಂದಿನ ದಿನ ಬುಧವಾರ ಅಂತ ತೋರಿಸುತ್ತಿದೆ. ಶನಿವಾರ ಎಲ್ಲಿ ಹೋಯಿತು?

ಹಿಂದಿನ ಓಟಗಳ ಲೆಕ್ಕ ಎನ್8ಎನ್‌ನಲ್ಲಿ ಉಳಿದಿರುತ್ತದೆ, ತೆಗೆದು ನೋಡಿದೆ. ಅದರ ಹಿಂದಿನ ಬುಧವಾರ 'ಆಯ್ತು' ಎರಡು ಸಲ ಬಂದಿತ್ತು. ಚೀಲ ಹೊರಗಿಟ್ಟು ಹೆಂಡತಿ ತನ್ನ ಫೋನಿನಲ್ಲಿ ಒತ್ತಿದ್ದಳು. ಒತ್ತಿದ ಮೇಲೆ ನೋಟಿಫಿಕೇಶನ್ ಮಾಯವಾಗಲಿ ಅಂತ ನಾನು ಹೇಳಿದ್ದೆ, ಆದರೆ ಅದು ಮಾಯವಾಗುವುದು ಒತ್ತಿದವರ ಫೋನಿನಲ್ಲಿ ಮಾತ್ರ. ನನ್ನದರಲ್ಲಿ ಹಾಗೇ ಉಳಿದಿತ್ತು. ಚೀಲ ಹೊರಗಿರುವುದನ್ನು ನೋಡಿ ನಾನೂ ಒತ್ತಿದ್ದೆ. ಮತ್ತೆ ಮತ್ತೆ ಬರುವ ಕೆಲಸವನ್ನು ಮುಗಿಸಿದರೆ ಟುಡೂಯಿಸ್ಟ್ ಅದನ್ನು ಅಳಿಸುವುದಿಲ್ಲ, ಅದೇ ಐಡಿ ಇಟ್ಟುಕೊಂಡು ಮುಂದಿನ ದಿನಕ್ಕೆ ತಳ್ಳುತ್ತದೆ. ಎರಡನೇ ಸಲ ಒತ್ತಿದಾಗ ಶನಿವಾರವೂ ಮುಗಿದಿತ್ತು.

ಈಗ ಬಟನ್ ಜೊತೆ ಕೆಲಸದ ಐಡಿ ಅಷ್ಟೇ ಅಲ್ಲ, ಅದು ಯಾವ ದಿನದ್ದು ಅನ್ನುವುದನ್ನೂ ಕಳಿಸುತ್ತೇನೆ. ವೆಬ್‌ಹುಕ್ ಮೊದಲು ಟುಡೂಯಿಸ್ಟ್‌ನಲ್ಲಿ ಆ ಕೆಲಸದ ತಾರೀಖು ನೋಡುತ್ತದೆ, ಎರಡೂ ಒಂದೇ ಆದರೆ ಮಾತ್ರ ಮುಗಿಸುತ್ತದೆ. ಒಂದು ಇಫ್ ನೋಡ್ ಜಾಸ್ತಿ ಆಯ್ತು, ಅಷ್ಟೆ. ಮುಗಿದ ಮೇಲೆ 'ಒಣ ಕಸ ಆಯ್ತು' ಅಂತ ಸದ್ದಿಲ್ಲದ ಸಂದೇಶ ಇಬ್ಬರಿಗೂ ಹೋಗುತ್ತದೆ.

ಇನ್ನೆರಡು ಚಿಕ್ಕವು. ಕೆಲಸ ಏನೂ ಇಲ್ಲದ ದಿನ ಸಂದೇಶ ಬರದಿದ್ದರೆ ಅದು ರಜೆಯೋ ಪೈ ಸತ್ತಿದೆಯೋ ಗೊತ್ತಾಗುವುದಿಲ್ಲ. 'ಇವತ್ತು ಏನೂ ಇಲ್ಲ' ಅಂತಲೂ ಕಳಿಸೋಣ ಎಂದರೆ, ಒಂದೂ ಐಟಂ ಸಿಗದಿದ್ದಾಗ ಎನ್8ಎನ್ ಮುಂದಿನ ನೋಡ್ ಓಡಿಸುವುದೇ ಇಲ್ಲ. ಟುಡೂಯಿಸ್ಟ್ ನೋಡಿನ ಸೆಟ್ಟಿಂಗ್ಸ್‌ನಲ್ಲಿ 'ಆಲ್ವೇಸ್ ಔಟ್‌ಪುಟ್ ಡೇಟಾ' ಆನ್ ಮಾಡಬೇಕು. ಮತ್ತೆ, ಫೋನಿನ ಬ್ಯಾಟರಿ ಉಳಿಸುವ ಪಟ್ಟಿಯಿಂದ ನೋಟಿಫೈ ಆ್ಯಪನ್ನು ಹೊರಗಿಡಿ. ಇಲ್ಲದಿದ್ದರೆ ರಾತ್ರಿಯಿಡೀ ಮಲಗಿದ್ದ ಫೋನ್ ಎತ್ತಿಕೊಂಡಾಗಲೇ ಎಲ್ಲ ಒಟ್ಟಿಗೆ ಬರುತ್ತವೆ.

ಕರೆಂಟ್ ಹೋದರೆ ಇನ್ನೂ ಎಡವುತ್ತದೆ. ಪೈ ಇನ್ವರ್ಟರ್ ಲೈನ್‌ನಲ್ಲಿದೆ, ರೂಟರ್ ಇಲ್ಲ. ಎಲೆಕ್ಟ್ರಿಷಿಯನ್‌ಗೆ ಹೇಳಬೇಕು ಅಂತ ಟುಡೂಯಿಸ್ಟ್‌ನಲ್ಲಿ ಬರೆದು ಮೂರು ವಾರ ಆಯ್ತು. ದಿನಾ ಬೆಳಗ್ಗೆ 6:30ಕ್ಕೆ ಬಾಕಿ ಅಂತ ಬರುತ್ತಲೇ ಇದೆ.