ಒಡೆಯುವ ದಿನವನ್ನು ನೆನಪಿಟ್ಟು ಹಡಗನ್ನು ವಿನ್ಯಾಸಗೊಳಿಸುವ ಬಗೆ

ಸರಕು ಹಡಗೊಂದು ಸಾಮಾನ್ಯವಾಗಿ 25ರಿಂದ 30 ವರ್ಷ ದುಡಿದು ಒಡೆಯುವ ಅಂಗಳಕ್ಕೆ ಬರುತ್ತದೆ. ಅಲ್ಲಿನ ಕಾರ್ಮಿಕ ಎದುರಿಸುವ ಅಪಾಯಗಳಲ್ಲಿ ಹೆಚ್ಚಿನವು ನಕ್ಷೆಯ ಹಂತದಲ್ಲಿಯೇ ತೀರ್ಮಾನವಾಗಿರುತ್ತವೆ.

ಮೊದಲು ಅಪಾಯಕಾರಿ ವಸ್ತುಗಳ ಪಟ್ಟಿಯನ್ನು ಆರಂಭಿಸಬೇಕು. 2009ರಲ್ಲಿ ಅಂಗೀಕಾರವಾಗಿ 2025ರ ಜೂನ್ 26ರಂದು ಜಾರಿಗೆ ಬಂದ, ಹಡಗುಗಳನ್ನು ಸುರಕ್ಷಿತವಾಗಿ ಒಡೆಯುವ ಕುರಿತಾದ ಹಾಂಗ್‌ಕಾಂಗ್ ಒಪ್ಪಂದವು, ಅಂತರರಾಷ್ಟ್ರೀಯ ಸಂಚಾರದಲ್ಲಿರುವ 500 ಒಟ್ಟು ಟನ್ನೇಜ್ (ಹಡಗಿನ ಒಳ ಗಾತ್ರದ ಅಳತೆ) ಹಾಗೂ ಅದಕ್ಕಿಂತ ದೊಡ್ಡ ವಾಣಿಜ್ಯ ಹಡಗುಗಳಿಗೆ ಈ ಪಟ್ಟಿಯನ್ನು ಕಡ್ಡಾಯಗೊಳಿಸಿದೆ. ತ್ಯಾಜ್ಯ ಮತ್ತು ದಾಸ್ತಾನಿನ ಭಾಗಗಳನ್ನು ಒಡೆಯುವ ಮುನ್ನ ತುಂಬಲಾಗುತ್ತದೆ. ಹಡಗಿನ ರಚನೆ ಮತ್ತು ಉಪಕರಣಗಳ ಭಾಗವನ್ನು ಮಾತ್ರ ನಿರ್ಮಾಣದ ವೇಳೆಯಲ್ಲಿಯೇ ಸಿದ್ಧಪಡಿಸಬೇಕು. ಪೂರೈಕೆದಾರರಿಂದ, ಸರಕಿನಲ್ಲಿ ಯಾವ ಅಪಾಯಕಾರಿ ವಸ್ತು ಎಷ್ಟಿದೆ ಎಂದು ತಿಳಿಸುವ ವಸ್ತು ಘೋಷಣಾ ಪತ್ರವನ್ನು ಖರೀದಿ ಆದೇಶದ ಷರತ್ತಾಗಿಯೇ ಕೇಳಿ. ಹಣ ಸಂದಾಯವಾದ ಮೇಲೆ ಕೇಳಿದ ಪತ್ರ ಬರುವುದು ಅಪರೂಪ. ಗ್ಯಾಸ್ಕೆಟ್ ಮತ್ತು ಬ್ರೇಕ್ ಲೈನಿಂಗ್‌ಗಳ ಮೇಲೆ 'ಕಲ್ನಾರು (ಆಸ್ಬೆಸ್ಟಾಸ್) ರಹಿತ' ಎಂದು ಬರೆದಿದ್ದರೂ ಮಾದರಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುವುದು ಒಳ್ಳೆಯದು. ವಸ್ತು ಇರುವ ಜಾಗವನ್ನು 'ಎಂಜಿನ್ ಕೋಣೆ' ಎಂದಷ್ಟೇ ನಮೂದಿಸದೆ, ಡೆಕ್ ಮತ್ತು ಫ್ರೇಮ್ (ಒಡಲಿನ ಅಡ್ಡ ಪಕ್ಕೆಲುಬು) ಸಂಖ್ಯೆಯೊಂದಿಗೆ ಬರೆಯಬೇಕು.

ಹೆಚ್ಚು ಗಮನ ಬೇಡುವುದು ಟ್ಯಾಂಕುಗಳು. ತಳದ ಉಕ್ಕಿನ ಪಟ್ಟಿಗಳ ಸಂದಿನಲ್ಲಿ ನಿಂತ ಎಣ್ಣೆಯ ಕೆಸರಿನಿಂದ ಆವಿ ಏಳುತ್ತಿರುವಾಗ ಗ್ಯಾಸ್ ಕಟರ್‌ನ ಜ್ವಾಲೆ ತಗುಲಿದರೆ ಸ್ಫೋಟವಾಗುತ್ತದೆ. ಆದ್ದರಿಂದ ಪ್ರತಿ ಪಟ್ಟಿಯ ಅತಿ ತಗ್ಗಿನಲ್ಲಿ ನೀರಿಳಿಯುವ ರಂಧ್ರವಿರಲಿ, ತಳವು ಪಂಪಿನ ಹೀರುಬಾಯಿಯ ಕಡೆಗೆ ಇಳಿಜಾರಾಗಿರಲಿ, ಗಾಳಿ ಒಂದು ತುದಿಯಿಂದ ಹೊಕ್ಕು ಇನ್ನೊಂದರಿಂದ ಹೊರಬೀಳುವಂತೆ ಎರಡು ಬಾಯಿಗಳಿರಲಿ. ಪ್ರಜ್ಞೆ ತಪ್ಪಿದವರನ್ನು ಸ್ಟ್ರೆಚರ್‌ನಲ್ಲಿ ಹೊರತರುವಷ್ಟು ಆ ಬಾಯಿಗಳು ಅಗಲವಾಗಿರಬೇಕು.

ಹಡಗಿನ ಒಡಲಿಗೆ ಬೆಸುಗೆಯೇ ಸರಿ. ಅಲ್ಲಿ ಬೋಲ್ಟುಗಳ ಆಸೆ ಬೇಡ. ಕ್ಯಾಬಿನ್ ಗೋಡೆಗಳನ್ನು ಮತ್ತು ಕೊಳವೆಗಳನ್ನು ಮಾತ್ರ ಬೋಲ್ಟಿನಿಂದಲೋ ಕ್ಲಿಪ್ಪಿನಿಂದಲೋ ಕೂಡಿಸಿ, ಅಂಟನ್ನು ಆದಷ್ಟು ದೂರವಿಡಿ. ಶಾಖ ತಡೆಯಲು ಸಿಂಪಡಿಸಿದ ಪಾಲಿಯುರೆಥೇನ್ ನೊರೆ ಕತ್ತರಿಸುವಾಗ ಬೆಂಕಿ ಹಿಡಿದು ವಿಷದ ಹೊಗೆ ಕಾರುವುದಲ್ಲದೆ ಉಕ್ಕಿಗೆ ಅಂಟಿಕೊಂಡೇ ಉಳಿಯುತ್ತದೆ. ಸಾಧ್ಯವಿದ್ದಲ್ಲೆಲ್ಲ ಪಿನ್ನುಗಳಿಂದ ಹಿಡಿಸಿದ ಕಲ್ಲುಣ್ಣೆಯನ್ನು ಆರಿಸಿ.

ನಿರ್ಮಾಣದ ಬ್ಲಾಕುಗಳನ್ನೇ (ಕೂಡಿಸಿ ಹಡಗು ಕಟ್ಟುವ ದೊಡ್ಡ ತುಂಡುಗಳನ್ನೇ) ಆಧಾರವಾಗಿಟ್ಟು ಕತ್ತರಿಸುವ ಗೆರೆಗಳನ್ನು ನಕ್ಷೆಯಲ್ಲಿ ಗುರುತಿಸಿ, ಪ್ರತಿ ತುಂಡಿನ ತೂಕ ಮತ್ತು ಗುರುತ್ವ ಕೇಂದ್ರವನ್ನು ನಮೂದಿಸಿ. ನಿರ್ಮಾಣದಲ್ಲಿ ಬ್ಲಾಕುಗಳನ್ನು ಕ್ರೇನಿನಿಂದ ಎತ್ತಲು ಬೆಸೆದ ಕೊಂಡಿಗಳನ್ನು ಕೇವಲ ಅಂದಕ್ಕಾಗಿ ಕತ್ತರಿಸಿ ತೆಗೆಯುವ ರೂಢಿ ನನಗೆ ಒಪ್ಪಿಗೆಯಿಲ್ಲ. ಆದರೆ ಉಳಿಸಿದ ಕೊಂಡಿಗಳು ತುಕ್ಕು ಹಿಡಿದಿರುವುದರಿಂದ, ಭಾರ ಹೊರಿಸುವ ಮುನ್ನ ಅವುಗಳ ದಪ್ಪವನ್ನು ಅಳೆಯಬೇಕೆಂಬ ಸೂಚನೆಯನ್ನೂ ಅದೇ ನಕ್ಷೆಯಲ್ಲಿ ಬರೆಯಿರಿ.