ಗಣಿ ನಿಂತ ಎರಡೂವರೆ ವರ್ಷ

ಸಂಡೂರಿನ ಬಳಿಯ ಕಬ್ಬಿಣದ ಅದಿರಿನ ಗಣಿಯೊಂದರಲ್ಲಿ ನಾನು 2005ರಿಂದ ಗುತ್ತಿಗೆದಾರರ ಕೈಕೆಳಗೆ, ಟಿಪ್ಪರುಗಳನ್ನು ತೂಗುವ ವೇಬ್ರಿಡ್ಜ್‌ನಲ್ಲಿ ಗುಮಾಸ್ತನಾಗಿದ್ದೆ. ಚೀನಾಕ್ಕೆ ಅದಿರು ಹೋಗುತ್ತಿದ್ದ ಆ ವರ್ಷಗಳಲ್ಲಿ ಟಿಪ್ಪರುಗಳ ಸಾಲು ರಾತ್ರಿಯೂ ಕರಗುತ್ತಿರಲಿಲ್ಲವಾದ್ದರಿಂದ, ಮೂಲ ವೇತನಕ್ಕಿಂತ ಓವರ್‌ಟೈಮ್ ಹಣವೇ ಹೆಚ್ಚಾಗಿ ಕೈಸೇರುತ್ತಿತ್ತು. ಅದೆಲ್ಲವನ್ನೂ ಸಂಬಳವೆಂದೇ ಎಣಿಸಿ ಬೈಕಿಗೂ ಮನೆಯ ಮೇಲ್ಮಹಡಿಗೂ ಸಾಲ ಮಾಡಿದೆ.

2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತಿಗೆ ತಡೆಯೊಡ್ಡಿದಾಗ ಓವರ್‌ಟೈಮ್ ನಿಂತಿತು. ನಾನು ಎಚ್ಚೆತ್ತುಕೊಳ್ಳಬೇಕಾಗಿದ್ದುದು ಆಗಲೇ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಆ ಆದೇಶ ತಪ್ಪೆಂದು ನಾನು ಅಂದೂ ಹೇಳಲಿಲ್ಲ, ಇಂದೂ ಹೇಳುವುದಿಲ್ಲ. ಗಣಿ ಗುತ್ತಿಗೆಯ ಗಡಿ ದಾಟಿ ಗುಡ್ಡ ಅಗೆದವರ ತಪ್ಪಿಗೆ ಕೂಲಿಯವರು ದಂಡ ತೆತ್ತರೆಂಬ ನೋವು ಮಾತ್ರ ಹೋಗಿಲ್ಲ.

ಕೆಲಸ ಹೋದ ವಾರ ನನ್ನ ಹೆಂಡತಿ, "ಮೊದ್ಲು ಯಾರಿಗೆ ಎಷ್ಟು ಕೊಡಬೇಕೂಂತ ಬರೀರಿ, ಆಮೇಲೆ ಚಿಂತಿ ಮಾಡೋಣು" ಎಂದಳು. ಬರೆದೆವು. ಕಂತು ಒಂದೂ ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ ಅವಧಿಯನ್ನು ಹೆಚ್ಚಿಸಿಕೊಂಡೆ. ತಪ್ಪಿದ ಮೇಲೆ ಹೋದ ಗೆಳೆಯರಿಗೆ ಆ ಸೌಲಭ್ಯ ಸಿಗಲಿಲ್ಲ. ಬೈಕು ಮಾರಿದೆ.

ಹೆಚ್ಚು ಹೋರಾಡಬೇಕಾದದ್ದು ಗ್ರಾಚ್ಯುಟಿಗಾಗಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳ ಲೆಕ್ಕದಲ್ಲಿ ಕೊಡಬೇಕಾದ ಹಣಕ್ಕಾಗಿ. ಐದು ವರ್ಷ ಸತತವಾಗಿ ದುಡಿದವನಿಗೆ, ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ಒಂದೊಂದು ವರ್ಷಕ್ಕೂ ಅಷ್ಟು ಹಣ ಕೊಡಬೇಕೆಂದು 1972ರ ಕಾಯ್ದೆ ಹೇಳುತ್ತಿತ್ತು. ಓವರ್‌ಟೈಮ್ ಆ ಲೆಕ್ಕಕ್ಕೆ ಬರುವುದೇ ಇಲ್ಲ. ಗುತ್ತಿಗೆದಾರರು ನನ್ನನ್ನು ವರ್ಷವರ್ಷವೂ ಹೊಸದಾಗಿ ಸೇರಿಸಿಕೊಂಡದ್ದೆಂದು ವಾದಿಸಿದರು. ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ನಾನು ತಿಂಗಳು ತಿಂಗಳೂ ಹಾಕಿಟ್ಟಿದ್ದ ವೇತನ ಚೀಟಿಗಳು ಅಂಚಿನಲ್ಲಿ ಕೆಂಧೂಳು ಹಿಡಿದಿದ್ದವು, ಆದರೆ ಒಂದು ತಿಂಗಳೂ ತಪ್ಪಿರಲಿಲ್ಲ. ಗಣಿಯ ವಿಷಯ ಕೇಂದ್ರ ಸರ್ಕಾರದ ಕಾರ್ಮಿಕ ಅಧಿಕಾರಿಗಳಿಗೆ ಸೇರಿದ್ದೆಂದು ತಿಳಿಯದೆ ಮೊದಲು ರಾಜ್ಯದ ಕಚೇರಿಗೆ ಅಲೆದು ಎರಡು ತಿಂಗಳು ಕಳೆದೆ. ಕೊನೆಗೆ ಆ ಚೀಟಿಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದಾಗ ವಾದ ಮುಗಿಯಿತು. ಪಿಎಫ್ ಹಣವನ್ನು ಅನೇಕರು ಪಿಂಚಣಿಯ ಭಾಗವನ್ನೂ ಸೇರಿಸಿ ಪೂರ್ತಿ ತೆಗೆದರು; ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕೆಂದು ತಿಳಿದಿದ್ದರಿಂದ ನಾನು ಮುಟ್ಟಲಿಲ್ಲ.

ಹೊಟ್ಟೆಪಾಡಿಗೆ ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕವೊಂದರಲ್ಲಿ ಲೆಕ್ಕ ಬರೆಯಲು ಸೇರಿದೆ. ಪ್ಯಾಂಟಿನ ಕಟ್ಟುಗಳು ಒಬ್ಬರಿಂದ ಇನ್ನೊಬ್ಬರ ಯಂತ್ರಕ್ಕೆ ಹೋಗುವಾಗ ಒಂದೊಂದು ಕಟ್ಟಿನ ಚೀಟಿಯನ್ನೂ ಬಿಡಿಸಿಕೊಂಡು, ಯಾರು ಎಷ್ಟು ಪೀಸ್ ಹೊಲಿದರೆಂದು ಶನಿವಾರದೊಳಗೆ ಕೂಡಿಸಬೇಕಿತ್ತು. ಟಿಪ್ಪರುಗಳ ತೂಕ ಬರೆದ ಕೈಗೆ ಇದು ಕಷ್ಟವಾಗಲಿಲ್ಲ. ಸಂಬಳ ಗಣಿಯ ಗಳಿಕೆಯ ಅರ್ಧವೂ ಇರಲಿಲ್ಲ, ಆದರೆ ಮನೆ ಅಷ್ಟರಲ್ಲಿಯೇ ನಡೆಯಿತು. ನಡೆಯುತ್ತದೆಂದು ನಮಗೆ ಗೊತ್ತಾದದ್ದೂ ಆಗಲೇ.

2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅತಿ ಹೆಚ್ಚು ಅಕ್ರಮ ಕಂಡುಬಂದ ಸಿ ವರ್ಗದ ಗಣಿ ಗುತ್ತಿಗೆಗಳನ್ನು ರದ್ದುಪಡಿಸಿ, ಉಳಿದವಕ್ಕೆ ಷರತ್ತಿನ ಮೇಲೆ ಅವಕಾಶ ಕೊಟ್ಟಿತು. ಅದಕ್ಕಿಂತ ಕಡಿಮೆ ಅಕ್ರಮದ ಬಿ ವರ್ಗದಲ್ಲಿದ್ದ ನಮ್ಮ ಗಣಿ, ಹಾಳಾದ ನೆಲದ ಪುನಶ್ಚೇತನದ ಷರತ್ತುಗಳನ್ನು ಪೂರೈಸಿದ ಮೇಲೆ 2014ರ ಆರಂಭದಲ್ಲಿ ನನ್ನನ್ನು ಮತ್ತೆ ಕರೆದರು. ಹೋದೆ. ಮನೆಯ ಖರ್ಚನ್ನು ಮಾತ್ರ ಜೀನ್ಸ್ ಘಟಕದ ಸಂಬಳದ ಮಟ್ಟದಲ್ಲಿಯೇ ನಿಲ್ಲಿಸಿ, ಮೇಲೆ ಬಂದದ್ದನ್ನು ಮೊದಲು ಸಾಲಕ್ಕೆ, ಅದು ತೀರಿದ ಮೇಲೆ ಅಂಚೆ ಕಚೇರಿಯ ಆರ್‌ಡಿಗೆ ಕಟ್ಟುತ್ತ ಬಂದಿದ್ದೇನೆ. 2022ರಲ್ಲಿ ರಫ್ತಿಗೆ ಮತ್ತೆ ಅನುಮತಿ ಸಿಕ್ಕಾಗ ಕಟ್ಟೆಯ ಹುಡುಗರು ಟಿಪ್ಪರ್ ಸಾಲದ ಮಾತೆತ್ತಿದರು. ಅವರಿಗೆ ನಾನು ನನ್ನ ವೇತನ ಚೀಟಿಯನ್ನು ತೋರಿಸಿ, ಮೂಲ ವೇತನವಿರುವ ಸಾಲಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದು, ಕಂತು ಇದರೊಳಗೆ ಕೂರುತ್ತದೆಯೇ ನೋಡಿಕೊಳ್ಳಿರೆಂದು ಹೇಳಿದೆ.